ಕೋಡ್ ಓಡಿತು, ಆದರೂ ‘ಕಮ್ಯುನಿಕೇಷನ್ ಸಾಲದು’ ಅಂತ ರಿಜೆಕ್ಟ್. ಟೆಕ್ನಿಕಲ್ ರೌಂಡ್‌ನಲ್ಲಿ ಇವರು ನೋಡುವುದಾದರೂ ಏನು?

ವರದಾ_ತೀರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸರ್ವಿಸ್ ಕಂಪನಿಯಲ್ಲಿ ಜಾವಾ ಬ್ಯಾಕ್‌ಎಂಡ್ ಕೆಲಸ ಮಾಡುತ್ತಿದ್ದೇನೆ. ಸ್ವಂತ ಸಾಫ್ಟ್‌ವೇರ್ ಮಾಡುವ ಪ್ರೊಡಕ್ಟ್ ಕಂಪನಿಗೆ ಹೋಗಬೇಕು ಅಂತ ವರ್ಷದಿಂದ ಪ್ರಯತ್ನ ನಡೆದಿದೆ. ಮೊನ್ನೆ ಒಂದು ಕಡೆ ಎರಡನೇ ಕೋಡಿಂಗ್ ರೌಂಡ್ ಇತ್ತು. ಪ್ರಶ್ನೆ ಕಷ್ಟದ್ದೇನಲ್ಲ. ಅರ್ಧ ಗಂಟೆಯ ಒಳಗೆ ಬರೆದೆ, ಎಲ್ಲ ಟೆಸ್ಟ್ ಕೇಸ್ ಪಾಸಾದವು. ಸಂದರ್ಶಕರು ‘ಗುಡ್’ ಅಂದರು. ಖುಷಿಯಾಗಿ ಫೋನಿಗೆ ಕಾಯುತ್ತಾ ಕೂತೆ.

ವಾರದ ಮೇಲೆ ರೆಕ್ರೂಟರ್ ಫೋನ್ ಮಾಡಿ, ಟೆಕ್ನಿಕಲಿ ಓಕೆ, ಆದರೆ ಕಮ್ಯುನಿಕೇಷನ್‌ನಲ್ಲಿ ಸುಧಾರಣೆ ಬೇಕು, ಆರು ತಿಂಗಳ ಮೇಲೆ ಮತ್ತೆ ಅಪ್ಲೈ ಮಾಡಿ ಅಂದರು. ಜಾಸ್ತಿ ಕೇಳಿದರೆ ಅಷ್ಟೇ ಗೊತ್ತಿರುವುದು ಅಂದರು.

ಎಸ್ಸೆಸ್ಸೆಲ್ಸಿವರೆಗೆ ನಂದು ಕನ್ನಡ ಮಾಧ್ಯಮ. ಇಂಗ್ಲಿಷ್ ಮಾತಾಡುತ್ತೇನೆ, ಆದರೆ ಪಟಪಟ ಅಂತ ಬರುವುದಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಬೇಕಾ? ಅಥವಾ ಇವರು ಹೇಳುತ್ತಿರುವುದು ಬೇರೆ ಏನಾದರೂ ಇದೆಯಾ? ಆ ಕಡೆ ಕೂತು ಸಂದರ್ಶನ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಎರಡನೇ_ರೌಂಡ್

ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ. ಪ್ರಶ್ನೆ ಕೇಳಿದ ಮೇಲೆ, ಕೋಡ್ ಮುಗಿಯುವವರೆಗೆ ನೀವು ಏನೇನು ಮಾತಾಡಿದಿರಿ?

ವರದಾ_ತೀರ

ಕೋಡ್ ಬರೆಯುವಾಗ ಮಾತಾಡಲಿಲ್ಲ. ಮುಗಿಸಿದ ಮೇಲೆ ವಿವರಿಸಿದೆ. ಅದೇ ಸರಿಯಾದ ಕ್ರಮ ಅಲ್ವಾ?

ಎರಡನೇ_ರೌಂಡ್

ಅಲ್ಲೇ ಇದೆ ವಿಷಯ. ನಾನು ಕೆಲವು ವರ್ಷದಿಂದ ಇಂಥ ರೌಂಡ್‌ಗಳನ್ನು ನಡೆಸುತ್ತಿದ್ದೇನೆ. ಆ ಕಡೆಯ ಕುರ್ಚಿಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ರೌಂಡ್ ಮುಗಿದ ಮೇಲೆ ನಾನು ಒಂದು ಫೀಡ್‌ಬ್ಯಾಕ್ ಬರೆಯಬೇಕು. ಬರೀ ‘ಚೆನ್ನಾಗಿ ಮಾಡಿದರು’ ಅಂತ ಬರೆದರೆ ನಡೆಯುವುದಿಲ್ಲ. ಪ್ರಶ್ನೆಯನ್ನು ಹೇಗೆ ಅರ್ಥ ಮಾಡಿಕೊಂಡರು, ಯಾವ ದಾರಿಗಳನ್ನು ಯೋಚಿಸಿದರು, ಯಾವುದನ್ನು ಬಿಟ್ಟರು, ಏಕೆ ಬಿಟ್ಟರು, ಹಿಂಟ್ ಕೊಟ್ಟಾಗ ಏನು ಮಾಡಿದರು, ಇದಕ್ಕೆಲ್ಲ ಸಾಕ್ಷಿ ಸಮೇತ ಬರೆಯಬೇಕು. ಆಮೇಲೆ ಅದನ್ನು ಓದುವವರು ಬೇರೆಯವರು. ಗೂಗಲ್‌ನಲ್ಲಿ ಹೈರಿಂಗ್ ಕಮಿಟಿ ಅನ್ನುವ ಪದ್ಧತಿ ಇರುವುದು ಎಲ್ಲರಿಗೂ ಗೊತ್ತು. ಆ ಕಮಿಟಿಯವರು ನಿಮ್ಮ ಮುಖವನ್ನೇ ನೋಡಿರುವುದಿಲ್ಲ. ಸಂದರ್ಶಕರು ಬರೆದ ಟಿಪ್ಪಣಿ ಓದಿ ತೀರ್ಮಾನ ಮಾಡುತ್ತಾರೆ. ಬೇರೆ ಕಂಪನಿಗಳಲ್ಲೂ ಕೊನೆಗೆ ಎಲ್ಲರೂ ಸೇರಿ ಚರ್ಚೆ ಮಾಡುವ ಒಂದು ಮೀಟಿಂಗ್ ಇರುತ್ತದೆ. ಅಲ್ಲಿ ನಿಮ್ಮ ಪರವಾಗಿ ಮಾತಾಡಬೇಕಾದವರು ನಾವು.

ಈಗ ಯೋಚಿಸಿ. ಒಬ್ಬರು ಅರ್ಧ ಗಂಟೆ ಸದ್ದಿಲ್ಲದೆ ಟೈಪ್ ಮಾಡಿ ಸರಿಯಾದ ಕೋಡ್ ಕೊಟ್ಟರು. ನನ್ನ ಕೈಯಲ್ಲಿ ಇರುವುದು ಕೋಡ್ ಮಾತ್ರ. ಅದನ್ನು ಯೋಚಿಸಿ ಬರೆದರಾ, ಹೋದ ವಾರ ಲೀಟ್‌ಕೋಡ್ ಅನ್ನುವ ಅಭ್ಯಾಸದ ಸೈಟ್‌ನಲ್ಲಿ ನೋಡಿದ್ದನ್ನು ನೆನಪಿನಿಂದ ಇಳಿಸಿದರಾ, ನನಗೆ ಗೊತ್ತಾಗುವುದಿಲ್ಲ. ಆ ಖಾಲಿ ಜಾಗದಲ್ಲಿ ನಾನು ಏನು ಬರೆಯಲಿ? ಬಹಳ ಜನ ಅಲ್ಲಿ ‘ಕಮ್ಯುನಿಕೇಷನ್ ಕಡಿಮೆ’ ಅಂತ ಬರೆದು ಮುಗಿಸುತ್ತಾರೆ. ನಿಮಗೂ ಅದೇ ಆಗಿರಬಹುದು. ನಾನು ಅಲ್ಲಿ ಇರಲಿಲ್ಲ, ಖಚಿತವಾಗಿ ಹೇಳುವುದಿಲ್ಲ.

ಒಂದು ಉದಾಹರಣೆ. ಬೈನರಿ ಸರ್ಚ್ (ಕ್ರಮದಲ್ಲಿರುವ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವುದು) ಬರೆಯುವಾಗ ಮಧ್ಯದ ಸ್ಥಾನಕ್ಕೆ ಎಲ್ಲರೂ ಎರಡು ತುದಿಗಳನ್ನು, ಅಂದರೆ ಲೋ ಮತ್ತು ಹೈ ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಅರೇ ತುಂಬಾ ದೊಡ್ಡದಿದ್ದರೆ ಆ ಮೊತ್ತ ಇಂಟಿಜರ್ ಮಿತಿ ದಾಟಿ ಋಣ ಸಂಖ್ಯೆ ಆಗಿಬಿಡುತ್ತದೆ. ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ತಪ್ಪು ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಆ ಕೋಡ್ ಬರೆದ ಜೋಷುವಾ ಬ್ಲಾಕ್ ಅವರೇ 2006ರಲ್ಲಿ ಇದನ್ನು ಬಹಿರಂಗವಾಗಿ ಬರೆದರು. ಅಭ್ಯರ್ಥಿ ಒಬ್ಬರು ಸುಮ್ಮನೆ ‘ಲೋ ಪ್ಲಸ್, ಹೈ ಮೈನಸ್ ಲೋ ಭಾಗ ಎರಡು’ ಅಂತ ಬರೆದರೆ ನನಗೆ ಅದು ಒಂದು ಸಾಲು ಕೋಡ್. ‘ಕೂಡಿಸಿದರೆ ಓವರ್‌ಫ್ಲೋ ಆಗಬಹುದು, ಅದಕ್ಕೆ ಹೀಗೆ ಬರೆಯುತ್ತಿದ್ದೇನೆ’ ಅಂತ ಬಾಯಲ್ಲಿ ಹೇಳಿದರೆ ನನ್ನ ಫೀಡ್‌ಬ್ಯಾಕ್‌ನಲ್ಲಿ ಅದಕ್ಕೊಂದು ಪ್ಯಾರಾ ಸಿಗುತ್ತದೆ. ಕೋಡ್ ಎರಡೂ ಕಡೆ ಒಂದೇ.

ಇದಕ್ಕೆ ಷೇಕ್ಸ್‌ಪಿಯರ್ ಇಂಗ್ಲಿಷ್ ಬೇಡ. ವ್ಯಾಕರಣ ತಪ್ಪಿದ್ದಕ್ಕೆ ನಾನು ಯಾರನ್ನೂ ರಿಜೆಕ್ಟ್ ಮಾಡಿಲ್ಲ.

ಕಾವೇರಿ_ಕರ್ನಲ್

ನೀವು ಮಾಡಿಲ್ಲ ಸರಿ. ಮಾಡುವವರು ಇದ್ದಾರೆ. ಉಚ್ಚಾರಣೆ ಕೇಳಿದ ತಕ್ಷಣ ಮುಖದ ಬಣ್ಣ ಬದಲಾಗುವುದನ್ನು ನಾನೇ ನೋಡಿದ್ದೇನೆ. ಅದನ್ನು ಇಲ್ಲ ಅಂತ ಹೇಳುವುದು ಬೇಡ.

ಇನ್ನೊಂದು ವಿಷಯ. ‘ಯೋಚಿಸುವುದನ್ನು ಜೋರಾಗಿ ಹೇಳಿ’ ಅನ್ನುವುದು ಎಲ್ಲರಿಗೂ ಒಗ್ಗುವ ಕೆಲಸ ಅಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 48 ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು. ಅರ್ಧ ಜನ ಸಂದರ್ಶಕರ ಎದುರಿಗೆ ವೈಟ್‌ಬೋರ್ಡ್ ಮುಂದೆ ನಿಂತು, ಯೋಚನೆಯನ್ನು ಬಾಯಲ್ಲಿ ಹೇಳುತ್ತಾ ಬಿಡಿಸಬೇಕು. ಉಳಿದವರಿಗೆ ಅದೇ ಥರದ ಪ್ರಶ್ನೆ, ಆದರೆ ಕೋಣೆಯಲ್ಲಿ ಒಬ್ಬರೇ. ನೋಡುವವರು ಇದ್ದಾಗ ಸಾಧನೆ ಅರ್ಧಕ್ಕಿಂತ ಕೆಳಗೆ ಬಿತ್ತು. ಎದುರಿಗೆ ಬಿಡಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ. ಒಬ್ಬರೇ ಕೂತು ಬಿಡಿಸಿದ ಹೆಣ್ಣುಮಕ್ಕಳೆಲ್ಲ ಪಾಸ್. ಹೆಣ್ಣುಮಕ್ಕಳ ಸಂಖ್ಯೆ ಕಡಿಮೆ ಇತ್ತು, ಹಾಗಾಗಿ ಅದೊಂದನ್ನೇ ಹಿಡಿದು ದೊಡ್ಡ ಮಾತು ಆಡಬಾರದು. ಆದರೆ ಈ ಪದ್ಧತಿ ಕೌಶಲಕ್ಕಿಂತ ಜಾಸ್ತಿ ಒತ್ತಡವನ್ನೇ ಅಳೆಯುತ್ತಿದೆಯೇನೋ ಅನ್ನುವ ಪ್ರಶ್ನೆಯಂತೂ ಎದ್ದಿದೆ.

ಅಭ್ಯರ್ಥಿಯನ್ನು ತಿದ್ದುವ ಮೊದಲು ಸಂದರ್ಶಕರನ್ನು ಯಾರಾದರೂ ತಿದ್ದಿ.

ಎರಡನೇ_ರೌಂಡ್

ಒಪ್ಪುತ್ತೇನೆ. ಆ ಅಧ್ಯಯನ ನಮ್ಮ ಟೀಮ್‌ನಲ್ಲೂ ಚರ್ಚೆಗೆ ಬಂದಿತ್ತು. ಈಗ ನಾನು ಪ್ರಶ್ನೆ ಕೊಟ್ಟ ಮೇಲೆ ಕ್ಯಾಮೆರಾ ಆಫ್ ಮಾಡಿ ಐದು ನಿಮಿಷ ಬಿಡುತ್ತೇನೆ. ಎಲ್ಲರೂ ಹಾಗೆ ಮಾಡುವುದಿಲ್ಲ ಅನ್ನುವುದೂ ನಿಜ.

ಆದರೆ ವರದಾ ಅವರಿಗೆ ಮುಂದಿನ ತಿಂಗಳು ಇನ್ನೊಂದು ರೌಂಡ್ ಇರಬಹುದು. ಅಷ್ಟರಲ್ಲಿ ಉದ್ಯಮ ಬದಲಾಗುವುದಿಲ್ಲ. ಅದಕ್ಕೆ ಒಂದು ಮಾತು. ಮಾತಾಡುತ್ತಲೇ ಇರಬೇಕು ಅಂತ ಎಲ್ಲೂ ಇಲ್ಲ. ‘ನನಗೆ ಎರಡು ನಿಮಿಷ ಕೊಡಿ, ಸುಮ್ಮನೆ ಯೋಚಿಸಿ ಆಮೇಲೆ ಹೇಳುತ್ತೇನೆ’ ಅಂತ ಕೇಳಿ. ಯಾರೂ ಬೇಡ ಅನ್ನುವುದಿಲ್ಲ. ಹೇಳಿ ಸುಮ್ಮನಿರುವುದು ಬೇರೆ, ಹೇಳದೆ ಸುಮ್ಮನಿರುವುದು ಬೇರೆ. ಎರಡು ನಿಮಿಷ ಆದ ಮೇಲೆ ಎರಡೇ ವಾಕ್ಯ ಸಾಕು: ಹೀಗೊಂದು ದಾರಿ ಇದೆ, ಅದು ನಿಧಾನ. ಹಾಗೊಂದು ದಾರಿ ಇದೆ, ಅದಕ್ಕೆ ಮೆಮೊರಿ ಜಾಸ್ತಿ. ಎರಡನೆಯದನ್ನು ಬರೆಯಲಾ? ಅಷ್ಟೇ.

ಕಾವೇರಿ_ಕರ್ನಲ್

ಐದು ನಿಮಿಷ ಬಿಡುವ ಸಂದರ್ಶಕರು ನಂಗೆ ಯಾವಾಗ ಸಿಗುತ್ತಾರೋ 🙂

ಬೈನರಿ_ಬಸ್‌ಸ್ಟ್ಯಾಂಡ್

ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ, ಒಂದು ನಮೂನೆ ಹಾಕುತ್ತೇನೆ. ನಿಜವಾದ ರೌಂಡ್ ಇಂಗ್ಲಿಷ್‌ನಲ್ಲೇ ಇರುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: ಮೀಟಿಂಗ್‌ಗಳ ಶುರು ಮತ್ತು ಕೊನೆಯ ಸಮಯ ಕೊಟ್ಟಿದ್ದಾರೆ. ಒಂದರ ಮೇಲೊಂದು ಬೀಳುವುದನ್ನು ಸೇರಿಸಿ ಪಟ್ಟಿ ಕೊಡಬೇಕು.

ಅಭ್ಯರ್ಥಿ: ಒಂದು ಸಲ ನನ್ನ ಮಾತಿನಲ್ಲಿ ಹೇಳಿ ನೋಡುತ್ತೇನೆ. 9ರಿಂದ 11, 10ರಿಂದ 12 ಇದ್ದರೆ ಉತ್ತರ 9ರಿಂದ 12. ಸರಿನಾ?
ಸಂದರ್ಶಕ: ಸರಿ.
ಅಭ್ಯರ್ಥಿ: 9ರಿಂದ 11, 11ರಿಂದ 12 ಇದ್ದರೆ? ಬರೀ ತಾಗುವುದನ್ನೂ ಸೇರಿಸಬೇಕಾ?
ಸಂದರ್ಶಕ: ಹೌದು, ಸೇರಿಸಿ.
ಅಭ್ಯರ್ಥಿ: ಪಟ್ಟಿ ಸಮಯದ ಕ್ರಮದಲ್ಲೇ ಬರುತ್ತದಾ? ಖಾಲಿ ಪಟ್ಟಿ ಬರಬಹುದಾ?
ಸಂದರ್ಶಕ: ಕ್ರಮದಲ್ಲಿ ಇರುವುದಿಲ್ಲ. ಖಾಲಿ ಬರಬಹುದು.
ಅಭ್ಯರ್ಥಿ: ಹಾಗಾದರೆ ಪ್ರತಿಯೊಂದನ್ನೂ ಉಳಿದ ಎಲ್ಲದರ ಜೊತೆ ಹೋಲಿಸುವುದು ಒಂದು ದಾರಿ. ಆದರೆ ಅದು ಎನ್ ಸ್ಕ್ವೇರ್, ಪಟ್ಟಿ ದೊಡ್ಡದಾದರೆ ಬಹಳ ನಿಧಾನ. ಮೊದಲು ಶುರುವಿನ ಸಮಯದ ಮೇಲೆ ಸಾರ್ಟ್ ಮಾಡಿದರೆ ಹಿಂದಿನದರ ಜೊತೆ ಮಾತ್ರ ಹೋಲಿಸಿದರೆ ಸಾಕು. ಸಾರ್ಟಿಂಗ್‌ನ ಖರ್ಚೇ ದೊಡ್ಡದು, ಎನ್ ಲಾಗ್ ಎನ್. ಇದನ್ನೇ ಬರೆಯಲಾ?
ಸಂದರ್ಶಕ: ಬರೆಯಿರಿ.

(ಸ್ವಲ್ಪ ಹೊತ್ತು ಬರೀ ಟೈಪಿಂಗ್.)

ಅಭ್ಯರ್ಥಿ: ಇಲ್ಲಿ ಕೊನೆಯ ಸಮಯಕ್ಕೆ ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳುತ್ತಿದ್ದೇನೆ. 9ರಿಂದ 5ರವರೆಗಿನ ಮೀಟಿಂಗ್ ಒಳಗೆ 10ರಿಂದ 11ರ ಮೀಟಿಂಗ್ ಕೂತಿದ್ದರೆ, ಸುಮ್ನೆ ಎರಡನೆಯದರ ಕೊನೆಯನ್ನು ಹಾಕಿದರೆ ತಪ್ಪಾಗುತ್ತದೆ.

ಗಮನಿಸಿ, ಟೈಪ್ ಮಾಡುವಾಗ ಇವರು ‘ಈಗ ಫಾರ್ ಲೂಪ್ ಬರೆಯುತ್ತಿದ್ದೇನೆ, ಈಗ ಐ ಸೊನ್ನೆ’ ಅಂತ ಕ್ರಿಕೆಟ್ ಕಾಮೆಂಟರಿ ಕೊಡಲಿಲ್ಲ. ಅದು ಎದುರಿಗಿರುವವರಿಗೂ ಕಾಣುತ್ತದೆ. ಬಾಯಿ ತೆರೆದದ್ದು ಕಣ್ಣಿಗೆ ಕಾಣದ ವಿಷಯ ಬಂದಾಗ ಮಾತ್ರ. ಮುಗಿದ ಮೇಲೆ ‘ಡನ್’ ಅಂತ ಕೈ ಎತ್ತಬೇಡಿ. ಒಂದು ಚಿಕ್ಕ ಉದಾಹರಣೆ ಹಿಡಿದು ಡ್ರೈ ರನ್ ಮಾಡಿ, ಅಂದರೆ ಕೋಡನ್ನು ಸಾಲು ಸಾಲಾಗಿ ನೀವೇ ನಡೆಸಿ ನೋಡಿ. ತಪ್ಪಿದ್ದರೆ ಅಲ್ಲೇ ನಿಮಗೇ ಸಿಗುತ್ತದೆ.

ವರದಾ_ತೀರ

ಇದು ಬಹಳ ಉಪಯೋಗ ಆಯಿತು. ಒಂದು ಅನುಮಾನ. ಅಷ್ಟೊಂದು ಪ್ರಶ್ನೆ ಕೇಳಿದರೆ ‘ಇವನಿಗೆ ಏನೂ ಗೊತ್ತಿಲ್ಲ’ ಅಂತ ಅಂದುಕೊಳ್ಳುವುದಿಲ್ವಾ? ನಮ್ಮ ಕಾಲೇಜಿನಲ್ಲಿ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುವುದೇ ಇತ್ತು.

ಮ್ಯೂನಿಕ್_ಮಂಡಕ್ಕಿ

ಹಾಹಾ, ಎಲ್ಲರ ಕಾಲೇಜೂ ಅದೇ.

ನಾನು ದಾವಣಗೆರೆಯವಳು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿ ಎಷ್ಟೋ ಸಂದರ್ಶನಗಳಲ್ಲಿ ಕೇಳುವವರಿಗೂ ಇಂಗ್ಲಿಷ್ ಎರಡನೇ ಭಾಷೆ, ಹೇಳುವವರಿಗೂ ಎರಡನೇ ಭಾಷೆ. ಆದ್ದರಿಂದ ವೇಗ, ಉಚ್ಚಾರಣೆ ಯಾರಿಗೂ ದೊಡ್ಡ ವಿಷಯ ಅಲ್ಲ. ಅವರು ಹೇಳಿದ್ದು ನನಗೆ ತಲುಪಿತಾ, ನಾನು ಹೇಳಿದ್ದು ಅವರಿಗೆ ತಲುಪಿತಾ, ಅದೇ ಮುಖ್ಯ. ನಾನು ಸಂದರ್ಶಕಿಯಾಗಿ ಕೂತಾಗ ಬೇಕಂತಲೇ ಪ್ರಶ್ನೆಯನ್ನು ಅರ್ಧಂಬರ್ಧ ಇಡುತ್ತೇನೆ. ‘ಒಂದು ಲಾಗ್ ಫೈಲ್‌ನಿಂದ ಜಾಸ್ತಿ ಬಂದ ಐಪಿ ವಿಳಾಸ ಹುಡುಕಿ’ ಅಂತ ಇಷ್ಟೇ. ಫೈಲ್ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ. ಮೆಮೊರಿಯಲ್ಲಿ ಹಿಡಿಸುತ್ತದಾ ಅಂತ ಕೇಳದೆ ಎಲ್ಲವನ್ನೂ ಮೆಮೊರಿಯಲ್ಲೇ ಎಣಿಸಿಡುವ ಹ್ಯಾಶ್ ಮ್ಯಾಪ್ ಬರೆಯಲು ಶುರು ಮಾಡುವವರು ಬಹಳ. ಕೇಳಿದವರಿಗೆ ಅಲ್ಲೇ ಒಂದು ಅಂಕ. ಕೆಲಸದಲ್ಲೂ ಅಷ್ಟೇ ಅಲ್ವಾ, ಅರ್ಧಂಬರ್ಧ ಟಿಕೆಟ್ (ಕೆಲಸದ ಕೋರಿಕೆ) ಬಂದಾಗ ಕೇಳದೆ ಕೋಡ್ ಬರೆದು ಸ್ಪ್ರಿಂಟ್ (ಟೀಮ್‌ನ ಒಂದೆರಡು ವಾರದ ಕೆಲಸದ ಸುತ್ತು) ಹಾಳು ಮಾಡುವವರ ಜೊತೆ ಯಾರಿಗೆ ಬೇಕು?

ನಮ್ಮವರಲ್ಲಿ ನಾನು ಕಂಡ ಇನ್ನೊಂದು ಅಭ್ಯಾಸ. ಪ್ರಶ್ನೆ ಸರಿಯಾಗಿ ಕೇಳಿಸದಿದ್ದರೂ ತಲೆ ಆಡಿಸಿ ‘ಯಾ ಯಾ’ ಅನ್ನುವುದು. ಮತ್ತೊಮ್ಮೆ ಹೇಳಿ ಅಂದರೆ ಮರ್ಯಾದೆ ಹೋಗುತ್ತದೆ ಅಂತ. ಆಮೇಲೆ ಬೇರೆಯೇ ಪ್ರಶ್ನೆಗೆ ಉತ್ತರ. ನಮ್ಮ ತಲೆ ಆಡಿಸುವುದು ಹೌದಾ ಇಲ್ಲವಾ ಅಂತ ಇಲ್ಲಿಯವರಿಗೆ ಮೊದಲೇ ತಿಳಿಯುವುದಿಲ್ಲ! ಬಾಯಲ್ಲಿ ಹೇಳಿಬಿಡಿ.

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಪ್ರೋಗ್ರಾಮ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್ ಬಗ್ಗೆ ಕೇಳಿದರು ಅಂತಿಟ್ಟುಕೊಳ್ಳಿ. ‘ಕಾಫ್ಕಾ ನಾನು ಬಳಸಿಲ್ಲ. ರ್‍ಯಾಬಿಟ್‌ಎಂಕ್ಯೂ ಬಳಸಿದ್ದೇನೆ. ಮೆಸೇಜ್ ಕಳೆದುಹೋಗದ ಹಾಗೆ ಅಲ್ಲಿ ಹೀಗೆ ಮಾಡಿದ್ದೆವು, ಕಾಫ್ಕಾದಲ್ಲೂ ಅಂಥದ್ದೇ ಏನೋ ಇರಬೇಕು’ ಅಂದರೆ ಮಾತು ಮುಂದೆ ಹೋಗುತ್ತದೆ.

ಒಆರ್‌ಆರ್_ಟ್ರಾಫಿಕ್

ಕೋಡಿಂಗ್ ರೌಂಡ್ ಬಿಡಿ. ಅನುಭವ ಇರುವವರು ನಿಜವಾಗಿ ಬೀಳುವುದು ಸಿಸ್ಟಮ್ ಡಿಸೈನ್‌ನಲ್ಲಿ, ಅಂದರೆ ಒಂದು ದೊಡ್ಡ ವ್ಯವಸ್ಥೆಯನ್ನು ಹೇಗೆ ಕಟ್ಟುತ್ತೀರಿ ಅಂತ ಕೇಳುವ ರೌಂಡ್‌ನಲ್ಲಿ. ಅಲ್ಲಿ ಸರಿ ಉತ್ತರ ಅನ್ನುವುದೇ ಇಲ್ಲ, ಪೂರ್ತಿ ಮಾತುಕತೆಯೇ.

ಎಲ್ಲರೂ ಅರೆದು ಕುಡಿದಿರುವ ಯುಆರ್‌ಎಲ್ ಶಾರ್ಟ್‌ನರ್ (ಉದ್ದ ಲಿಂಕನ್ನು ಚಿಕ್ಕದು ಮಾಡುವ ಸೇವೆ) ಪ್ರಶ್ನೆಯನ್ನೇ ತಗೊಳ್ಳಿ. ಹತ್ತರಲ್ಲಿ ಒಂಬತ್ತು ಮಂದಿ ಬಂದು ಕೂತವರೇ ‘ಏಳು ಅಕ್ಷರ, ಬೇಸ್ 62’ ಅನ್ನುತ್ತಾರೆ. ಏಕೆ ಏಳು ಅಂದರೆ ಉತ್ತರ ಇಲ್ಲ. ಯಾವುದೋ ವಿಡಿಯೊದಲ್ಲಿ ಏಳು ಅಂತ ಇತ್ತು.

ಲೆಕ್ಕ ಬಾಯಲ್ಲಿ ಮಾಡಿ. ‘ದಿನಕ್ಕೆ ಎಷ್ಟು ಹೊಸ ಲಿಂಕ್?’ ಅಂತ ಕೇಳಿ. 10 ಲಕ್ಷ ಅಂದರು ಅಂತಿಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 12 ಲಿಂಕ್ ಬರೆಯುವುದು. ಓದುವುದು ಅದರ ನೂರರಷ್ಟು ಅಂದರೂ ಸೆಕೆಂಡಿಗೆ 1,200ರ ಒಳಗೆ. ಸಣ್ಣ ಅಕ್ಷರ 26, ದೊಡ್ಡದು 26, ಅಂಕಿ 10, ಒಟ್ಟು 62. ಐದು ಅಕ್ಷರಕ್ಕೆ ಸುಮಾರು 91 ಕೋಟಿ ಲಿಂಕ್, ಎರಡೂವರೆ ವರ್ಷದಲ್ಲಿ ಖಾಲಿ. ಆರು ಅಕ್ಷರಕ್ಕೆ 5,600 ಕೋಟಿಗೂ ಜಾಸ್ತಿ, 150 ವರ್ಷ ಬರುತ್ತದೆ. ಏಳಕ್ಕೆ 3.5 ಲಕ್ಷ ಕೋಟಿ. ಹಾಗಾದರೆ ಆರು ಸಾಕು ಅಲ್ವಾ? ‘ಮುಂದೆ ಬೆಳೆಯಬಹುದು, ಊಹಿಸಲು ಕಷ್ಟ ಆಗಬೇಕು, ಅದಕ್ಕೆ ಏಳು ಇಡುತ್ತೇನೆ’ ಅಂದರೂ ಸರಿಯೇ. ಆರೋ ಏಳೋ ನನಗೆ ಮುಖ್ಯ ಅಲ್ಲ. ಅಲ್ಲಿಗೆ ಹೇಗೆ ಬಂದಿರಿ ಅನ್ನುವುದು ಕೇಳಿಸಬೇಕು.

ಇನ್ನೊಂದು ಜಾಗ. ಲಿಂಕ್ ಒತ್ತಿದಾಗ 301 ಕಳಿಸುತ್ತೀರಾ, 302 ಕಳಿಸುತ್ತೀರಾ? 301 ಶಾಶ್ವತ ರೀಡೈರೆಕ್ಟ್, ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ನಿಮ್ಮ ಸರ್ವರ್ ಕಡೆ ಬರದೇ ಹೋಗಬಹುದು. ಸರ್ವರ್‌ಗೆ ಆರಾಮ. ಆದರೆ ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕ ತಪ್ಪುತ್ತದೆ. 302 ಆದರೆ ಉಲ್ಟಾ. ‘ಇವರಿಗೆ ಕ್ಲಿಕ್ ಲೆಕ್ಕ ಬೇಕಾ?’ ಅಂತ ನೀವು ಕೇಳಿದ ಕ್ಷಣ ನನಗೆ ನೀವು ಸಹೋದ್ಯೋಗಿ ಥರ ಕಾಣುತ್ತೀರಿ.

ಬೋರ್ಡ್ ಮೇಲೆ ಡಬ್ಬಿ ಬಿಡಿಸುವಾಗ ಪ್ರತಿ ಬಾಣಕ್ಕೂ ಹೆಸರು ಹೇಳಿ. ಮತ್ತೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ‘ಡೇಟಾಬೇಸ್ ಕಡೆ ಇನ್ನೂ ಆಳಕ್ಕೆ ಹೋಗಲಾ, ಕ್ಯಾಶ್ ಕಡೆ ಹೋಗಲಾ?’ ಅಂತ ಕೇಳಿ. (ಕ್ಯಾಶ್ ಅಂದರೆ ಪದೇ ಪದೇ ಬೇಕಾಗುವ ಡೇಟಾವನ್ನು ಬೇಗ ಸಿಗುವ ಕಡೆ ಇಡುವುದು.) 45 ನಿಮಿಷ ಇರುವುದು. ಅವರಿಗೆ ಬೇಕಾದ್ದು ಕ್ಯಾಶ್, ನೀವು ಅರ್ಧ ಗಂಟೆ ಟೇಬಲ್ ಕಾಲಮ್ ಬರೆಯುತ್ತಾ ಕೂತರೆ ಯಾರಿಗೂ ಲಾಭ ಇಲ್ಲ.

ಆರನೇ_ಸೆಮ್

ದೊಡ್ಡವರ ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ವಿಟಿಯು ಕಾಲೇಜು, ಆರನೇ ಸೆಮಿಸ್ಟರ್. ಮುಂದಿನ ವರ್ಷ ಪ್ಲೇಸ್‌ಮೆಂಟ್. ನಮಗೆ ಇಷ್ಟೆಲ್ಲ ಕೇಳುವುದಿಲ್ಲ ಅಂತ ಸೀನಿಯರ್ಸ್ ಹೇಳುತ್ತಾರೆ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಮತ್ತು ಪ್ರಾಜೆಕ್ಟ್, ಇವೆರಡೇ ಅಂತೆ. ಅದಕ್ಕೆ ಏನು ಮಾಡುವುದು?

ಗದಗ_ಗುರು

ನಾನು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತೇನೆ. ಬಾಗಿಲ ಹೊರಗೆ ನಿಂತು ನೋಡಿದ ಅನುಭವ ಹೇಳುತ್ತೇನೆ.

ಮೊದಲನೆಯದು. ‘ಮೈಸೆಲ್ಫ್ ಇಂಥವರು, ಮೈ ಫಾದರ್ ಈಸ್, ಮೈ ಹಾಬೀಸ್ ಆರ್’ ಅನ್ನುವ ಪಾಠ ಬಿಟ್ಟುಬಿಡಿ. ಅದನ್ನು ಬೆಳಗ್ಗೆಯಿಂದ ನೂರು ಹುಡುಗರು ಒಪ್ಪಿಸಿರುತ್ತಾರೆ. ತಂದೆಯ ಉದ್ಯೋಗ ಅವರಿಗೆ ಬೇಡ. ಏನು ಓದುತ್ತಿದ್ದೀರಿ, ಯಾವುದು ಇಷ್ಟ, ಆ ಇಷ್ಟಕ್ಕೆ ಏನು ಮಾಡಿದ್ದೀರಿ, ಒಂದು ನಿಮಿಷದಲ್ಲಿ ಮುಗಿಸಿ. ಕೊನೆಯ ವಾಕ್ಯ ನಿಮ್ಮ ಪ್ರಾಜೆಕ್ಟ್ ಮೇಲೆ ಬಂದು ನಿಲ್ಲಲಿ. ಆಗ ಮುಂದಿನ ಪ್ರಶ್ನೆ ನಿಮಗೆ ಗೊತ್ತಿರುವ ವಿಷಯದ ಮೇಲೇ ಬರುತ್ತದೆ. ಇದು ಸಣ್ಣ ಉಪಾಯ, ಆದರೆ ಕೆಲಸ ಮಾಡುತ್ತದೆ.

ಎರಡನೆಯದು ಪ್ರಾಜೆಕ್ಟ್. ನಾಲ್ಕು ಜನರ ಟೀಮ್, ಒಬ್ಬ ಮಾಡಿರುತ್ತಾನೆ, ಮೂವರು ರಿಪೋರ್ಟ್ ಬೈಂಡಿಂಗ್‌ಗೆ ಓಡಾಡಿರುತ್ತಾರೆ. ಇದು ಎಲ್ಲರಿಗೂ ಗೊತ್ತು, ಸಂದರ್ಶಕರಿಗೂ ಗೊತ್ತು. ‘ಇದರಲ್ಲಿ ನೀನು ಬರೆದ ಭಾಗ ಯಾವುದು?’ ಅಂತ ಕೇಳಿದ ತಕ್ಷಣ ಮೂವರು ತೊದಲುತ್ತಾರೆ. ಅದು ಇಂಗ್ಲಿಷ್ ಸಮಸ್ಯೆ ಅಂತ ಹುಡುಗರು ಹೊರಗೆ ಬಂದು ಹೇಳುತ್ತಾರೆ. ಅಲ್ಲ! ಮಾಡಿದವನು ಹರಕು ಮುರುಕು ಇಂಗ್ಲಿಷ್‌ನಲ್ಲೂ ಹೇಳಿಬಿಡುತ್ತಾನೆ. ‘ಸೆನ್ಸರ್ ರೀಡಿಂಗ್ ಜಂಪಿಂಗ್ ಸರ್, ಸೋ ಐ ಟುಕ್ ಆವರೇಜ್ ಆಫ್ ಟೆನ್’ ಅಂದ ನಮ್ಮ ಹುಡುಗನೊಬ್ಬ ಆಯ್ಕೆ ಆದ. ವ್ಯಾಕರಣ ಎಲ್ಲಿದೆ ಅದರಲ್ಲಿ? ಸಮಸ್ಯೆ ಇದೆ, ಕಾರಣ ಇದೆ, ಪರಿಹಾರ ಇದೆ.

ಕೊನೆಯ ವರ್ಷದ ಟೆಕ್ನಿಕಲ್ ಸೆಮಿನಾರ್ ಅನ್ನು ಸ್ಲೈಡ್ ಓದಿ ಮುಗಿಸಬೇಡಿ. ಬಿಟ್ಟಿಯಾಗಿ ಸಿಗುವ ಅಭ್ಯಾಸ ಅದೊಂದೇ.

ಸ್ಟಾರ್_ಗೇಜರ್

ಬಿಹೇವಿಯರಲ್ ರೌಂಡ್, ಅಂದರೆ ಹಿಂದೆ ಕೆಲಸದಲ್ಲಿ ಹೇಗೆ ನಡೆದುಕೊಂಡಿರಿ ಅಂತ ಕೇಳುವ ರೌಂಡ್ ಬಗ್ಗೆ ಯಾರೂ ಹೇಳಲಿಲ್ಲ. ಅಮೆಜಾನ್‌ಗೆ ಹೋಗುವವರು ಇದನ್ನು ಹಗುರವಾಗಿ ತಗೊಳ್ಳಬೇಡಿ. ಅವರ ಲೀಡರ್‌ಶಿಪ್ ಪ್ರಿನ್ಸಿಪಲ್‌ಗಳು (ಕಂಪನಿಯವರು ಪಾಲಿಸಬೇಕಾದ ತತ್ವಗಳು) ಈಗ 16. ಮೊದಲು 14 ಇದ್ದವು, 2021ರಲ್ಲಿ ಎರಡು ಸೇರಿಸಿದರು. ಕೋಡಿಂಗ್ ರೌಂಡ್‌ನಲ್ಲೂ ಇವುಗಳ ಮೇಲೆ ಪ್ರಶ್ನೆ ಬರುತ್ತದೆ. ಬಾರ್ ರೇಸರ್ ಅಂತ ಬೇರೆ ಟೀಮ್‌ನವರೊಬ್ಬರು ಕೂತಿರುತ್ತಾರೆ. ಟೀಮ್‌ಗೆ ಆಳು ಬೇಕು ಅನ್ನುವ ಅವಸರ ಅವರಿಗೆ ಇರುವುದಿಲ್ಲ, ಅವರು ಒಪ್ಪಬೇಕು.

ಸ್ಟಾರ್ ಪದ್ಧತಿ ಎಲ್ಲರಿಗೂ ಗೊತ್ತು: ಸನ್ನಿವೇಶ, ನಿಮ್ಮ ಹೊಣೆ, ನೀವು ಮಾಡಿದ್ದು, ಫಲ. ಆದರೆ ನಮ್ಮವರು ಸನ್ನಿವೇಶದಲ್ಲೇ ನಾಲ್ಕು ನಿಮಿಷ ಕಳೆಯುತ್ತಾರೆ. ಕ್ಲೈಂಟ್ ಯಾರು, ಆರ್ಕಿಟೆಕ್ಚರ್ ಏನು, ಮ್ಯಾನೇಜರ್ ಎಂಥವರು, ಎಲ್ಲ. ಮಾಡಿದ್ದು ಹೇಳುವ ಹೊತ್ತಿಗೆ ಎದುರಿಗಿರುವವರು ಗಡಿಯಾರ ನೋಡುತ್ತಿರುತ್ತಾರೆ. ಸನ್ನಿವೇಶಕ್ಕೆ ಮೂರು ವಾಕ್ಯ. ಜಾಸ್ತಿ ಬೇಕಾದರೆ ಅವರೇ ಕೇಳುತ್ತಾರೆ.

ಸುಮ್ನಿರಪ್ಪ

ಇದನ್ನೆಲ್ಲ ಓದಿದರೆ ಒಂದೇ ಅನಿಸುತ್ತದೆ. ಬಾಯಿ ಬಡುಕರಿಗೆ ಕೆಲಸ ಸಿಗುತ್ತದೆ, ಕೆಲಸ ಬಲ್ಲವರು ಮನೆಗೆ. ನಮ್ಮ ಟೀಮ್‌ಗೆ ಬಂದ ಒಬ್ಬರು ಸಂದರ್ಶನದಲ್ಲಿ ಭಾಷಣ ಬಿಗಿದಿದ್ದರಂತೆ. ಈಗ ಅವರ ಪಿಆರ್ (ಸೇರಿಸಲು ಕಳಿಸಿದ ಕೋಡ್) ರಿವ್ಯೂ ಮಾಡಲು ಯಾರೂ ಮುಂದೆ ಬರುತ್ತಿಲ್ಲ.

ಎರಡನೇ_ರೌಂಡ್

ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಹಾಗೆ ತಪ್ಪಿ ಒಳಗೆ ಬರುವವರು ಇದ್ದಾರೆ. ಆದರೆ ಮಾತು ಜಾಸ್ತಿ ಆಗಿ ಬೀಳುವವರೂ ಕಡಿಮೆ ಇಲ್ಲ. ಹಿಂಟ್ ಕೊಡೋಣ ಅಂದರೆ ಮಧ್ಯದಲ್ಲಿ ಜಾಗವೇ ಬಿಡುವುದಿಲ್ಲ. ‘ಒಂದು ನಿಮಿಷ, ಇಲ್ಲಿ ನಲ್ ಬಂದರೆ?’ ಅಂತ ನಾನು ಕೇಳಿದರೆ ‘ಯಾ ಯಾ, ಅದಕ್ಕೆ ಬರುತ್ತೇನೆ’ ಅಂತ ಓಡುತ್ತಾರೆ. ಬರುವುದೇ ಇಲ್ಲ. ಸಂದರ್ಶಕರು ಮಧ್ಯೆ ಬಾಯಿ ಹಾಕಿದರೆ ಅದು ಹೆಚ್ಚಾಗಿ ಸಹಾಯ. ಕೈ ಕೀಬೋರ್ಡ್‌ನಿಂದ ತೆಗೆದು ಕೇಳಿಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಕೇಳಿಸಿಕೊಳ್ಳುವುದಕ್ಕೇ ಜಾಸ್ತಿ ಅಂಕ. ನಾಳೆ ಕೋಡ್ ರಿವ್ಯೂನಲ್ಲಿ ಇವರ ಜೊತೆ ನಾನು ಜಗಳ ಆಡಬೇಕಾ ಬೇಡವಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ನೀವು ಹೇಳಿದವರ ವಿಷಯದಲ್ಲಿ ಒಂದೇ ಕೇಳಬೇಕಿತ್ತು: ಈ ಸಾಲು ತೆಗೆದರೆ ಏನಾಗುತ್ತದೆ? ಭಾಷಣ ಅಲ್ಲಿ ನಿಲ್ಲುತ್ತಿತ್ತು.

ಸುಮ್ನಿರಪ್ಪ

ಅದನ್ನು ಕೇಳುವ ಸಂದರ್ಶಕರು ಬೇಕಲ್ಲ. ಹೋಗಲಿ ಬಿಡಿ.

ಟೆಸ್ಟರ್_ತುಂಗಾ

ಈಗಿನ ಇನ್ನೊಂದು ತಲೆನೋವು. ವಿಡಿಯೊ ರೌಂಡ್‌ನಲ್ಲಿ ಎಐ ನೋಡಿಕೊಂಡು ಉತ್ತರ ಹೇಳುವವರು ಜಾಸ್ತಿ ಆಗಿದ್ದಾರೆ. 2025ರಲ್ಲಿ ಗೂಗಲ್‌ನ ಸುಂದರ್ ಪಿಚೈ ಅವರೇ ಕನಿಷ್ಠ ಒಂದು ರೌಂಡ್ ಆದರೂ ಮುಖಾಮುಖಿ ಇರಬೇಕು ಅನ್ನುವ ಮಾತು ಆಡಿದರು. ಇದರಿಂದ ನಿಯತ್ತಾಗಿ ಕೂತವರಿಗೂ ಕಷ್ಟ. ಯೋಚಿಸುವಾಗ ಪಕ್ಕಕ್ಕೆ ನೋಡುವುದು ನನ್ನ ಅಭ್ಯಾಸ. ಒಬ್ಬರು ನೇರವಾಗಿ ‘ಇನ್ನೊಂದು ಸ್ಕ್ರೀನ್ ಇದೆಯಾ?’ ಅಂತ ಕೇಳಿಯೇಬಿಟ್ಟರು. ಅವತ್ತು ಉರಿದುಹೋಯಿತು.

ಈಗ ಶುರುವಿನಲ್ಲೇ ಹೇಳಿಬಿಡುತ್ತೇನೆ: ಪಕ್ಕದಲ್ಲಿ ಹಾಳೆ ಪೆನ್ನು ಇದೆ, ಅದರಲ್ಲಿ ಚಿತ್ರ ಬಿಡಿಸುತ್ತೇನೆ, ಆಗಾಗ ಅತ್ತ ನೋಡುತ್ತೇನೆ. ಬೇಕಾದರೆ ಹಾಳೆಯನ್ನು ಕ್ಯಾಮೆರಾಗೆ ತೋರಿಸುತ್ತೇನೆ. ಅರ್ಧ ಬಿಡಿಸಿದ ಗೀಚು ಗೀಚು ಚಿತ್ರ ನೋಡಿದರೆ ಅನುಮಾನ ಹೋಗುತ್ತದೆ. ಸೀದಾ ಸರಿ ಉತ್ತರಕ್ಕೆ ಹಾರುವುದಕ್ಕಿಂತ ‘ಮೊದಲು ಹೀಗೆ ಅಂದುಕೊಂಡೆ, ಇದು ಈ ಕಾರಣಕ್ಕೆ ಆಗುವುದಿಲ್ಲ’ ಅನ್ನುವ ಸುತ್ತು ದಾರಿಯೇ ಈಗ ಜಾಸ್ತಿ ನಂಬಿಕೆ ಹುಟ್ಟಿಸುತ್ತದೆ.

ವರದಾ_ತೀರ

ಎಲ್ಲರಿಗೂ ಧನ್ಯವಾದ. ಕ್ಲಾಸಿನ ಯೋಚನೆ ಸದ್ಯಕ್ಕೆ ಬಿಟ್ಟೆ. ಅಭ್ಯಾಸ ಹೇಗೆ ಮಾಡುವುದು? ಒಬ್ಬನೇ ಗೋಡೆ ನೋಡಿಕೊಂಡು ಇಂಗ್ಲಿಷ್‌ನಲ್ಲಿ ಮಾತಾಡಿದರೆ ರೂಮ್‌ಮೇಟ್ ನಗುತ್ತಾನೆ.

ಬೈನರಿ_ಬಸ್‌ಸ್ಟ್ಯಾಂಡ್

ರೂಮ್‌ಮೇಟ್‌ನನ್ನೇ ಕೂರಿಸಿ. ಮೊದಲು ಕನ್ನಡದಲ್ಲೇ ವಿವರಿಸಿ. ಅರೇ, ಲೂಪ್, ಹ್ಯಾಶ್ ಎಲ್ಲ ಹೇಗೂ ಇಂಗ್ಲಿಷ್ ಪದವೇ. ಕನ್ನಡದಲ್ಲೂ ತೊದಲಿದರೆ ತೊಂದರೆ ಭಾಷೆಯಲ್ಲಿ ಇಲ್ಲ, ಯೋಚನೆ ಇನ್ನೂ ಕೂತಿಲ್ಲ ಅಂತ. ಕನ್ನಡದಲ್ಲಿ ಸಲೀಸಾಗಿ ಬಂದ ಮೇಲೆ ಅದೇ ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲಿ ಹೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಕೇಳಲು ಮುಜುಗರ ಆಗುತ್ತದೆ, ಆದರೂ ಕೇಳಿ.

ಮ್ಯೂನಿಕ್_ಮಂಡಕ್ಕಿ

ನಾನು ಅಷ್ಟು ಒಪ್ಪುವುದಿಲ್ಲ. ಕನ್ನಡದಲ್ಲಿ ಯೋಚಿಸಿ ತರ್ಜುಮೆ ಮಾಡುವ ಅಭ್ಯಾಸ ಬಿದ್ದರೆ ಪ್ರತಿ ವಾಕ್ಯಕ್ಕೂ ಒಂದು ಗ್ಯಾಪ್ ಬರುತ್ತದೆ. ಇಪ್ಪತ್ತು ಮೂವತ್ತು ವಾಕ್ಯ ಇಂಗ್ಲಿಷ್‌ನಲ್ಲೇ ನಾಲಿಗೆಗೆ ಕೂರಿಸಿಕೊಳ್ಳಿ. ‘ಎರಡು ನಿಮಿಷ ಕೊಡಿ’, ‘ಇದು ಸರಿಯಾಗಿ ಅರ್ಥ ಆಯಿತಾ ನೋಡಿ’, ‘ಇದರ ಬದಲು ಇದನ್ನು ಆರಿಸುತ್ತೇನೆ, ಏಕೆಂದರೆ’ ಇಂಥವು. ಪ್ರತಿ ರೌಂಡ್‌ನಲ್ಲೂ ಇವೇ ಬೇಕಾಗುವುದು. ಇವು ತಡವರಿಸದೆ ಬಂದರೆ ಉಳಿದದ್ದಕ್ಕೆ ತಲೆ ಖಾಲಿ ಇರುತ್ತದೆ.

ಗದಗ_ಗುರು

ಇಬ್ಬರದ್ದೂ ನಮ್ಮ ಹುಡುಗರ ಮೇಲೆ ಪ್ರಯೋಗ ಮಾಡಿದ್ದೇನೆ. ಪಿಯುಸಿಯಿಂದ ಇಂಗ್ಲಿಷ್ ಶುರು ಮಾಡಿದವರಿಗೆ ಬೈನರಿ ಅವರ ದಾರಿ ಹಿಡಿಸಿತು. ಮೊದಲಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಅದು ಸುಮ್ಮನೆ ಎರಡು ಸಲ ಕೆಲಸ.

ಒಆರ್‌ಆರ್_ಟ್ರಾಫಿಕ್

ವರದಾ, ನನಗೆ ಶನಿವಾರ ಬೆಳಗ್ಗೆ ಬಿಡುವಿದೆ. ಒಂದು ಗಂಟೆ ಮಾಕ್, ಅಂದರೆ ಅಣಕು ಸಂದರ್ಶನ ಮಾಡೋಣ. ನಾನು ಕೇಳುತ್ತೇನೆ, ನೀವು ಹೇಳಿ. ಆಮೇಲೆ ಅದಲು ಬದಲು, ನೀವು ನನ್ನನ್ನು ಕೇಳಬೇಕು. ಒಂದು ಸಲ ಸಂದರ್ಶಕರ ಜಾಗದಲ್ಲಿ ಕೂತು ಫೀಡ್‌ಬ್ಯಾಕ್ ಬರೆಯಿರಿ, ನಾಲ್ಕು ಸಾಲು ಸಾಕು. ಏನು ಬರೆಯಲು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಗೊತ್ತಾಗುತ್ತದೆ.

ಆರನೇ_ಸೆಮ್

ನಾನೂ ಬರಬಹುದಾ? ಕ್ಯಾಮೆರಾ ಆಫ್ ಮಾಡಿಕೊಂಡು ನೋಡುತ್ತೇನೆ ಅಷ್ಟೇ.

ಒಆರ್‌ಆರ್_ಟ್ರಾಫಿಕ್

ಬನ್ನಿ. ಆದರೆ ನೋಡಿಕೊಂಡು ಕೂರಲು ಬಿಡುವುದಿಲ್ಲ, ಕೊನೆಯ ಹದಿನೈದು ನಿಮಿಷ ನಿಮ್ಮ ಪ್ರಾಜೆಕ್ಟ್. ಹತ್ತು ಗಂಟೆಗೆ, ಲಿಂಕ್ ಮೆಸೇಜ್ ಮಾಡುತ್ತೇನೆ.